ತುರುಗಳಿಗಾಗಿ ಸತ್ತವನು: ಯುರೋಪಿನ ವೀರಚಿತ್ರಗಳೂ ನಮ್ಮ ಅಗಸಿಯ ವೀರಗಲ್ಲೂ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೇವೆಗೆ ನಿಲ್ಲುವ ಸಭಾಪಾಲಕನು ಎರಡು ಬಗೆಯ ವೀರರನ್ನು ದಿನವೂ ಎದುರುಗೊಳ್ಳುತ್ತಾನೆ. ಒಬ್ಬನು ಊರ ಅಗಸಿಯ ಬಳಿ ಮಣ್ಣಿನಲ್ಲಿ ಅರ್ಧ ಹೂತು ನಿಂತ ವೀರಗಲ್ಲಿನವನು. ಮತ್ತೊಬ್ಬನು ಮನೆಯ ಗೋಡೆಯ ಮೇಲಣ ಕ್ಯಾಲೆಂಡರಿನವನು; ಉಬ್ಬಿದ ಎದೆ, ದುಂಡಗಿನ ತೋಳು, ಮೋಡಗಳ ನಡುವಣಿಂದ ಬಿದ್ದ ಬೆಳಕು. ಕ್ರೈಸ್ತರ ಮನೆಗೆ ಹೋದರೆ ಅದೇ ಬೆಳಕು, ಅದೇ ಮೋಡ, ನಡುವೆ ಯೇಸುಸ್ವಾಮಿ. ಈಚೆಗೆ ಮೂರನೆಯವನೊಬ್ಬನೂ ಬಂದಿದ್ದಾನೆ. ಸೆಮಿನರಿಯಲ್ಲಿ ಕ್ರೈಸ್ತಕಲೆಯ ಇತಿಹಾಸವನ್ನು ಓದಿದ ನಮ್ಮ ತರುಣರು ಯುರೋಪಿನ ಮಹಾಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಬೋಧಿಸುವುದು ರೂಢಿಯಾಗುತ್ತಿದೆ. ಆ ಚಿತ್ರಗಳ ಕ್ರಿಸ್ತನ ಮೈಯನ್ನು ಗಮನವಿಟ್ಟು ನೋಡಿದರೆ, ಗ್ರೀಕ್ ಪುರಾಣದ ಹೆರಕ್ಲೀಸನ, ಅಪೊಲ್ಲೊ ದೇವತೆಯ ಮೈ ಅದು ಎಂಬುದು ತಿಳಿಯುತ್ತದೆ.

ಈ ಮೂರು ರೂಪಗಳ ಸಂಬಂಧವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಳ್ಳುತ್ತೇವೆ. ವೀರನ ಯಾವ ರೂಪವು ಶಿಲುಬೆಯನ್ನು ಸಾರಲು ನೆರವಾಗುತ್ತದೆ, ಯಾವುದು ಅದನ್ನು ಮರೆಮಾಡುತ್ತದೆ ಎಂಬುದೇ ನಮ್ಮ ಪ್ರಶ್ನೆ. ತೊಗರಿಯ ಹೊಲದಲ್ಲಿ ಕೂಲಿ ಮಾಡುವ, ಬರ ಬಂದಾಗ ಮುಂಬಯಿ ಪುಣೆಗಳಿಗೆ ಗುಳೆ ಹೋಗುವ ಸಭಿಕರ ಮುಂದೆ ನಿಂತು ಬೋಧಿಸಬೇಕಾದವರಿಗೆ ಇದು ಬರಿಯ ಕಲಾಭಿರುಚಿಯ ಮಾತಲ್ಲ.

ಮೊದಲು ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಹೇಳುವ ವಿವರಣೆಯನ್ನು ನೋಡೋಣ. ಯುರೋಪಿನ ಸಭೆಯು ಪುರಾಣದ ವೀರರನ್ನು ನಾಶಮಾಡದೆ ಅವರಿಗೆ ದೀಕ್ಷಾಸ್ನಾನ ಕೊಟ್ಟಿತು. ನಾವೂ ಹಾಗೆಯೇ ನಮ್ಮ ನಾಡಿನ ವೀರರನ್ನು ಸ್ವೀಕರಿಸಬಹುದು ಎಂಬುದು ಅದರ ಸಾರ. ಇದಕ್ಕೆ ಆಧಾರ ಇಲ್ಲದೆ ಇಲ್ಲ. ಎರಡನೆಯ ಶತಮಾನದಲ್ಲಿ ಹುತಾತ್ಮ ಜಸ್ಟಿನನು, ನಿಮ್ಮಲ್ಲಿಯೂ ದೇವಪುತ್ರರೆನಿಸಿದ ಅಸ್ಕ್ಲೇಪಿಯಸ್, ಹೆರಕ್ಲೀಸ್ ಮೊದಲಾದವರ ಕಥೆಗಳಿವೆಯಲ್ಲವೆ ಎಂದು ರೋಮನ್ನರನ್ನು ಕೇಳಿದನು. ಆದರೆ ಆ ಕಥೆಗಳು ದುರಾತ್ಮಗಳು ಮಾಡಿದ ಅನುಕರಣೆ ಎಂದು ಎಚ್ಚರಿಸಿದವನೂ ಅವನೇ. ಅಲೆಕ್ಸಾಂದ್ರಿಯದ ಕ್ಲೆಮೆಂತನು ಸೈರನ್‌ಗಳ ಹಾಡಿಗೆ ಮರುಳಾಗದಂತೆ ಹಡಗಿನ ಕಂಬಕ್ಕೆ ತನ್ನನ್ನು ಕಟ್ಟಿಸಿಕೊಂಡ ಒಡಿಸ್ಸಿಯಸನಲ್ಲಿ, ಶಿಲುಬೆಯ ಮರಕ್ಕೆ ಅಂಟಿಕೊಂಡು ನಾಶದಿಂದ ಪಾರಾಗುವ ವಿಶ್ವಾಸಿಯ ಗುರುತನ್ನು ಕಂಡನು. ರೋಮಿನ ಭೂಗತ ಸಮಾಧಿಗಳ ಗೋಡೆಗಳಲ್ಲಿ ವೀಣೆ ನುಡಿಸಿ ಮೃಗಗಳನ್ನು ಪಳಗಿಸುವ ಆರ್ಫಿಯಸನು ಒಳ್ಳೆಯ ಕುರುಬನ ಹತ್ತಿರವೇ ಕುಳಿತಿದ್ದಾನೆ. 1955ರಲ್ಲಿ ಬೆಳಕಿಗೆ ಬಂದ, ನಾಲ್ಕನೆಯ ಶತಮಾನದ ವಿಯಾ ಲತೀನ ಸಮಾಧಿಗಳಲ್ಲಿ, ಪಾತಾಳದಿಂದ ಆಲ್ಸೆಸ್ಟಿಸಳನ್ನು ಮರಳಿ ತರುವ ಹೆರಕ್ಲೀಸನ ಚಿತ್ರವು ಬೈಬಲಿನ ಪ್ರಸಂಗಗಳಿರುವ ಕೋಣೆಗಳ ಸಾಲಿನಲ್ಲಿಯೇ ಇದೆ.

ಆದರೆ ಈ ಆದಿಕಾಲದ ಚಿತ್ರಗಳಲ್ಲಿ ಸಭೆಯು ವೀರನಿಂದ ತೆಗೆದುಕೊಂಡದ್ದು ಏನು ಎಂದು ವಿಚಾರಿಸಬೇಕು. ಅದು ತೆಗೆದುಕೊಂಡದ್ದು ಕಥೆಯ ಅರ್ಥವನ್ನು: ಮರಣದಿಂದ ಬಿಡುಗಡೆ, ಕಾಡುತನವನ್ನು ಗೆಲ್ಲುವ ಸಂಗೀತ, ಮರಕ್ಕೆ ಕಟ್ಟಿಸಿಕೊಂಡವನ ಪಾರಾಗುವಿಕೆ. ವೀರನ ಮೈಕಟ್ಟನ್ನು ಅದು ಬಯಸಲಿಲ್ಲ. ಸಮಾಧಿಯ ಗೋಡೆಯ ಆರ್ಫಿಯಸನು ಸಣ್ಣವನು, ಕೆಲವೇ ಗೆರೆಗಳಲ್ಲಿ ಬರೆದವನು. ದೀಪದ ಬೆಳಕಿನಲ್ಲಿ ಹೆಣವನ್ನು ಮಲಗಿಸಲು ಬಂದ ಬಂಧುಗಳಿಗೆ ಅಷ್ಟೇ ಸಾಕಾಗಿತ್ತು.

ಮುಂದೆ ಈ ಕ್ರಮವು ತಿರುಗಿತು. 1260ರಲ್ಲಿ ನಿಕೊಲ ಪಿಸಾನೊ ಎಂಬ ಶಿಲ್ಪಿಯು ಪೀಸಾ ನಗರದ ದೀಕ್ಷಾಸ್ನಾನಮಂದಿರದ ಬೋಧಪೀಠದಲ್ಲಿ ಧೈರ್ಯವೆಂಬ ಸದ್ಗುಣವನ್ನು ನಗ್ನ ಹೆರಕ್ಲೀಸನಾಗಿ ಕಡೆದನು. ದೇವರ ವಾಕ್ಯವನ್ನು ಸಾರುವ ಪೀಠಕ್ಕೇ ಪುರಾಣವೀರನ ಮೈ ಬಂದಿತು. 1506ರ ಜನವರಿಯಲ್ಲಿ ರೋಮಿನ ಮಣ್ಣಿನಿಂದ ಲಾವೊಕೂನನ ಶಿಲ್ಪವೂ, 1546ರಲ್ಲಿ ಕಾರಕಲ್ಲನ ಸ್ನಾನಗೃಹಗಳ ಅವಶೇಷಗಳಿಂದ ಈಗ ಫಾರ್ನೀಸ್ ಹೆರಕ್ಲೀಸ್ ಎನಿಸಿಕೊಂಡಿರುವ ಮೂರು ಮೀಟರಿಗೂ ಎತ್ತರದ ವಿಗ್ರಹವೂ ದೊರೆತವು. ಜರ್ಮನ್ ಚಿತ್ರಕಾರನಾದ ಡ್ಯೂರರನು, ಪ್ರಾಚೀನರು ಅತಿ ಸುಂದರನಾದ ಅಪೊಲ್ಲೊವಿಗೆ ಕೊಟ್ಟ ಅಳತೆಗಳನ್ನು ನಾವು ಕ್ರಿಸ್ತನಿಗೂ, ಹೆರಕ್ಲೀಸನಿಗೆ ಕೊಟ್ಟವುಗಳನ್ನು ಸಂಸೋನನಿಗೂ ಕೊಡೋಣ ಎಂಬರ್ಥದ ಮಾತನ್ನು ಬರೆದಿಟ್ಟನು. ಇಟಲಿಯ ಟಿಷಿಯನ್‌ನು ಬ್ರೆಶ್ಯ ಊರಿನ ದೇವಾಲಯಕ್ಕಾಗಿ 1522ರಲ್ಲಿ ಮುಗಿಸಿದ ಪುನರುತ್ಥಾನದ ಚಿತ್ರದಲ್ಲಿ ಸಮಾಧಿಯಿಂದೇಳುವ ಕ್ರಿಸ್ತನಿಗೆ ಲಾವೊಕೂನನ ತಿರುಚಿದ ಮೈಯ ನಿಲುವನ್ನು ಕೊಟ್ಟನು. ಮೈಕೆಲಾಂಜೆಲೊ 1541ರಲ್ಲಿ ಪೂರೈಸಿದ ಅಂತಿಮ ನ್ಯಾಯತೀರ್ಪಿನ ಚಿತ್ರದಲ್ಲಿ ಗಡ್ಡವಿಲ್ಲದ, ಹರವಾದ ಎದೆಯ ನ್ಯಾಯಾಧಿಪತಿ ಕೈಯೆತ್ತಿ ನಿಂತಿದ್ದಾನೆ. ಇಲ್ಲಿ ತೆಗೆದುಕೊಂಡದ್ದು ವೀರನ ಮೈಯನ್ನು. ಅದರೊಡನೆ ಆ ಮೈ ಸಾರುವ ಬಲದ ಕಲ್ಪನೆಯೂ ಬಂದಿತು.

ಅದು ಎಂಥ ಬಲವೆಂದು ತಿಳಿಯಬೇಕಾದರೆ ಫ್ಲಾರೆನ್ಸಿನ ಅರಮನೆಯ ಚೌಕವನ್ನು ನೆನೆಯಬೇಕು. ಅಲ್ಲಿ 1534ರಲ್ಲಿ ಬಂದಿನೆಲ್ಲಿಯು ಕಡೆದ ಹೆರಕ್ಲೀಸನು ಕಾಕಸನನ್ನು ಕಾಲಬಳಿ ಕೆಡವಿ ನಿಂತನು. 1554ರಲ್ಲಿ ಚೆಲ್ಲೀನಿಯ ಪರ್ಸಿಯಸನು ಮೆದೂಸಳ ರುಂಡವನ್ನು ಎತ್ತಿ ಹಿಡಿದನು. ಇವೆರಡೂ ಮೆದಿಚಿ ಮನೆತನದ ಅಧಿಕಾರದ ಸಾರಾಣೆಗಳು. ಎದುರು ನಿಂತವನ ಗತಿ ಇದೇ ಎಂದು ಪ್ರಜೆಗಳಿಗೆ ಹೇಳಿದ ಕಲ್ಲು ಮತ್ತು ಕಂಚು. ಆ ಶತಮಾನದ ಕೊನೆಗೆ ರೋಮಿನಲ್ಲಿ ಕಾರ್ದಿನಲ್ ಫಾರ್ನೀಸನ ಅರಮನೆಯ ಮಾಳಿಗೆಯನ್ನು ಅನ್ನಿಬಾಲೆ ಕರಾಚ್ಚಿಯು ಪುರಾಣದ ದೇವತೆಗಳ ಪ್ರೇಮಕಥೆಗಳಿಂದ ತುಂಬಿದನು. ಇಷ್ಟಾದ ಮೇಲೆ ಸಭೆಯು ಹೆರಕ್ಲೀಸನಿಗೆ ದೀಕ್ಷೆ ಕೊಟ್ಟಿತೋ, ಹೆರಕ್ಲೀಸನು ಸಭೆಗೆ ದೀಕ್ಷೆ ಕೊಟ್ಟನೋ ಎಂದು ಕೇಳುವುದು ಅವಿನಯವಾಗಲಾರದು. 1563ರಲ್ಲಿ ತ್ರೆಂತ್ ಮಹಾಸಭೆಯು ಪವಿತ್ರಚಿತ್ರಗಳ ಬಗ್ಗೆ ಕಟ್ಟಳೆ ಮಾಡಿತು; ಅನಂತರ ಮೈಕೆಲಾಂಜೆಲೊವಿನ ನಗ್ನರಿಗೆ ಬಟ್ಟೆಯನ್ನು ಬರೆಯಲಾಯಿತು. ಬೆತ್ತಲೆಯನ್ನು ಮುಚ್ಚಿದರು, ಬಲದ ಪ್ರಶ್ನೆ ಹಾಗೆಯೇ ಉಳಿಯಿತು.

ಯುರೋಪಿನ ಕಲೆಯೆಲ್ಲವೂ ಹೀಗೆಯೇ ಎಂದರೆ ಅನ್ಯಾಯವಾದೀತು. ಇದಕ್ಕೆ ಪ್ರತಿಯಾದ ಸಾಕ್ಷಿಯು ಅಲ್ಲಿಂದಲೇ ಹುಟ್ಟಿತು. ಸುಮಾರು 1512ರಿಂದ 1516ರವರೆಗೆ ಗ್ರ್ಯೂನೆವಾಲ್ಡನು ಈಸೆನ್‌ಹೈಮಿನ ಮಠಕ್ಕಾಗಿ ಬರೆದ ಶಿಲುಬೆಯ ಚಿತ್ರದಲ್ಲಿ ಕ್ರಿಸ್ತನ ಚರ್ಮವೆಲ್ಲ ಹುಣ್ಣು, ಬೆರಳುಗಳು ಮುಳ್ಳಿನ ಕೊಂಬೆಗಳಂತೆ ಸೆಟೆದಿವೆ. ಆ ಮಠದಲ್ಲಿ, ಕೆಟ್ಟ ರೈ ಧಾನ್ಯದ ವಿಷದಿಂದ ಕೈಕಾಲು ಕಪ್ಪಾಗಿ ಕೊಳೆಯುವ ರೋಗಿಗಳಿಗೆ ಆರೈಕೆ ನಡೆಯುತ್ತಿತ್ತು. ಅವರು ತಮ್ಮದೇ ರೋಗವನ್ನು ರಕ್ಷಕನ ಮೈಮೇಲೆ ಕಂಡರು. 1521-22ರಲ್ಲಿ ಹೋಲ್ಬೈನನು ಸಮಾಧಿಯೊಳಗಣ ಮೃತಕ್ರಿಸ್ತನನ್ನು ಬರಿಯ ಹೆಣವಾಗಿ ಬರೆದನು. ಆ ಚಿತ್ರವು ಇಂದಿಗೂ ಬಾಸೆಲ್ ನಗರದಲ್ಲಿದೆ. ನಮ್ಮ ಕರಾವಳಿಗೆ 1834ರಲ್ಲಿ ಸುವಾರ್ತೆಯನ್ನೂ ಮುಂದೆ ಮುದ್ರಣಾಲಯವನ್ನೂ ತಂದ ಮಿಷನ್ ಹುಟ್ಟಿದ ಊರು ಅದು. ಇನ್ನು ಮೈಕೆಲಾಂಜೆಲೊ ಸ್ವತಃ 1564ರಲ್ಲಿ ಸಾಯುವ ದಿನಗಳವರೆಗೂ ಕಡೆಯುತ್ತಿದ್ದ ರೊಂದನೀನಿ ಶಿಲ್ಪದಲ್ಲಿ ತಾಯಿಯ ಮೈಗೆ ಒರಗಿದ ಮಗನ ದೇಹವು ಬಳಲಿ ಸಣ್ಣಗಾಗಿದೆ. ಮೊದಲು ಕಡೆದಿದ್ದ ತುಂಬುತೋಳೊಂದು ದೇಹದಿಂದ ಬೇರೆಯಾಗಿ ಕಲ್ಲಿನಲ್ಲಿ ಹಾಗೆಯೇ ನಿಂತಿದೆ. ವೀರನ ಮೈಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಶಿಲ್ಪಿಯು ಕೊನೆಯಲ್ಲಿ ಆ ಮೈಯನ್ನು ಬಿಟ್ಟನು. ಆತನನ್ನು ನೋಡಿದರೆ ಮೋಹಿಸುವಂಥ ರೂಪವಿರಲಿಲ್ಲ ಎಂದು ಯೆಶಾಯನು 53ನೆಯ ಅಧ್ಯಾಯದಲ್ಲಿ ಹೇಳಿದುದಕ್ಕೆ ಈ ಕಲ್ಲು ಒಂದು ವ್ಯಾಖ್ಯಾನ. ನಮ್ಮ ಪರದೆಗಳ ಮೇಲೆ ಇಂಥವು ಅಪರೂಪವಾಗಿ ಮೂಡುತ್ತವೆ. ಸುಂದರವಾದುವೇ ಮತ್ತೆ ಮತ್ತೆ ಮೂಡುತ್ತವೆ.

ಆ ವೀರನ ಮೈ ನಮ್ಮ ನಾಡಿಗೆ ಎರಡು ದಾರಿಗಳಲ್ಲಿ ಬಂದಿತು. ಒಂದು, ದೇವಾಲಯದ ದಾರಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಛಾವಣಿಗಳನ್ನು ಇಟಲಿಯ ಯೇಸುಸಭೆಯ ಸಹೋದರ ಮೊಸ್ಕೇನಿಯವರು 1899ರಿಂದ ಎರಡು ವರ್ಷಗಳ ಕಾಲ ಬರೆದರು. ಮತ್ತೊಂದು, ಅಚ್ಚುಮನೆಯ ದಾರಿ. ರಾಜಾ ರವಿವರ್ಮರು ಯುರೋಪಿನ ತೈಲಚಿತ್ರದ ರೀತಿಯಲ್ಲಿ ನಮ್ಮ ಪುರಾಣಪುರುಷರನ್ನು ಬರೆದು, 1894ರಿಂದ ತಮ್ಮ ಮುದ್ರಣಾಲಯದ ಮೂಲಕ ಮನೆಮನೆಗೆ ತಲುಪಿಸಿದರು. ಈ ದಾರಿಯನ್ನು ಮುಂದುವರಿಸಿದವರಲ್ಲಿ ಹಿರಿಯರು ನಮ್ಮ ಕಲಬುರ್ಗಿಯವರೇ ಆದ ಎಸ್. ಎಂ. ಪಂಡಿತರು (1916–1993). ಮುಂಬಯಿಯಲ್ಲಿ ಚಲನಚಿತ್ರಗಳ ಭಿತ್ತಿಚಿತ್ರಗಳಿಂದಲೂ ಕ್ಯಾಲೆಂಡರುಗಳಿಂದಲೂ ಹೆಸರಾದ ಅವರು ಮಹಾಕಾವ್ಯಗಳ ವೀರರಿಗೆ ಯುರೋಪಿನ ಅಂಗರಚನಾಶಾಸ್ತ್ರವನ್ನು ತೊಡಿಸಿದರು. ಭೀಮಾ ನದಿಯ ಸೀಮೆಯ ಈ ಕಲಾವಿದನ ಕೈಯಲ್ಲಿ ಫಾರ್ನೀಸ್ ಹೆರಕ್ಲೀಸನ ದೂರದ ಬಂಧುಗಳು ಹಸ್ತಿನಾವತಿಯವರಾದರು. ಪಂಡಿತರ ಕೌಶಲವನ್ನು ನಾವು ಗೌರವದಿಂದ ಕಾಣುತ್ತೇವೆ. ಕಾವ್ಯದ ವೀರರಿಗೆ ಆ ಮೈ ಸಲ್ಲುತ್ತದೆಯೇ ಎಂಬುದನ್ನು ಆ ಕಾವ್ಯದ ರಸಿಕರು ವಿಚಾರಿಸಲಿ. ಅದೇ ಮೈಯನ್ನು ಕ್ರಿಸ್ತನಿಗೆ ತೊಡಿಸಿ, ಎರಡು ಕ್ಯಾಲೆಂಡರುಗಳ ನಡುವೆ ಬಲಾಬಲದ ಪೈಪೋಟಿ ಇದೆಯೆಂಬಂತೆ ನಾವು ಬೋಧಿಸುತ್ತೇವಲ್ಲ, ಅದರಲ್ಲಿ ನಮ್ಮ ತಪ್ಪಿದೆ. ನಿಮ್ಮ ವೀರನಿಗಿಂತ ನಮ್ಮ ವೀರನು ಬಲಶಾಲಿ ಎಂಬ ಬೋಧನೆಯನ್ನು ಸುವಾರ್ತಾಕೂಟಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದ ಮುಂದೆ ಆ ಬೋಧನೆ ನಿಲ್ಲಲಾರದು. ದಾಸನ ರೂಪವನ್ನು ಧರಿಸಿದವನನ್ನು ಮಲ್ಲಯುದ್ಧದ ಕಣಕ್ಕೆ ಇಳಿಸಲಾಗದು.

ಈಗ ಅಗಸಿಯ ಕಲ್ಲಿಗೆ ಬರೋಣ. ರಾಷ್ಟ್ರಕೂಟರು ಮಾನ್ಯಖೇಟದಿಂದಲೂ, ಚಾಲುಕ್ಯರು ಕಲ್ಯಾಣದಿಂದಲೂ ಆಳಿದ ಈ ಸೀಮೆಯಲ್ಲಿ ವೀರಗಲ್ಲು ಎಲ್ಲರ ಕಣ್ಣಿಗೆ ಬಿದ್ದು ಯಾರ ಗಮನಕ್ಕೂ ಬಾರದ ವಸ್ತು. ಸಾಮಾನ್ಯವಾಗಿ ಅದಕ್ಕೆ ಮೂರು ಪಟ್ಟಿಕೆಗಳು. ಕೆಳಗಿನದರಲ್ಲಿ ಕಾಳಗ, ಹಲವು ಕಲ್ಲುಗಳಲ್ಲಿ ಕಾದಾಡುವವರ ಮಗ್ಗುಲಲ್ಲಿ ದನಗಳ ಸಾಲು. ನಡುವಣದರಲ್ಲಿ ಸತ್ತವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ, ಸೂರ್ಯಚಂದ್ರರು ಸಾಕ್ಷಿ. ಶಾಸನಗಳು ಹೇಳುವ ಮರಣಗಳಲ್ಲಿ ಬಹು ಸಾಮಾನ್ಯವಾದುದು ತುರುಗೋಳಿನ ಮರಣ: ಕಳ್ಳರು ಊರ ದನಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ, ದನಗಳನ್ನು ಮರಳಿಸಿ, ತಾನು ಮಡಿದವನ ಮರಣ. ಹೆಂಗಸರ ಮಾನ ಕಾಯಲು ಹೋರಾಡಿ ಸತ್ತವರಿಗೂ ಕಲ್ಲುಗಳಿವೆ. ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಶಿಲ್ಪಿಯು ಈ ವೀರನ ಸ್ನಾಯುಗಳನ್ನು ಎಣಿಸಿಲ್ಲ. ಅವನ ಮೈ ಇತರರ ಮೈಗಳಂತೆಯೇ ಗಿಡ್ಡ, ಒರಟು. ಅವನು ಏನು ಮಾಡಿದನು, ಯಾರಿಗಾಗಿ ಸತ್ತನು ಎಂಬುದೇ ಕಲ್ಲಿನ ಮಾತು.

ಹೆರಕ್ಲೀಸನ ಹತ್ತನೆಯ ಸಾಹಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವನು ಗೆರಿಯೋನನ ದ್ವೀಪಕ್ಕೆ ಹೋಗಿ, ಕಾವಲು ನಾಯಿಯನ್ನು ಕೊಂದು, ದನಗಾಹಿಯನ್ನು ಕೊಂದು, ಒಡೆಯನನ್ನೂ ಕೊಂದು, ಕೆಂಪು ದನಗಳ ಹಿಂಡನ್ನು ಹೊಡೆದುಕೊಂಡು ಬಂದನು. ದಾರಿಯಲ್ಲಿ ಆ ಹಿಂಡಿನಿಂದ ಕೆಲವು ದನಗಳನ್ನು ಕದ್ದವನೇ ಕಾಕಸನು. ಕದ್ದ ದನಗಳನ್ನು ಕದ್ದುದಕ್ಕಾಗಿ ಸತ್ತ ಆ ಕಾಕಸನೇ ಫ್ಲಾರೆನ್ಸಿನ ಚೌಕದಲ್ಲಿ ಹೆರಕ್ಲೀಸನ ಕಾಲಬಳಿ ಬಿದ್ದಿರುವವನು. ಯುರೋಪು ಮೂರಾಳೆತ್ತರಕ್ಕೆ ಕಡೆದ ವೀರನು ತುರುಗಳನ್ನು ಒಯ್ದವನು. ನಮ್ಮ ಅಗಸಿಯ ಮೊಣಕಾಲುದ್ದದ ಕಲ್ಲಿನವನು ತುರುಗಳಿಗಾಗಿ ಸತ್ತವನು. ಅತ್ತ ಹೆರಕ್ಲೀಸನು ನಾಯಿಯನ್ನು ಕೊಂದರೆ, ಇತ್ತ ಮಂಡ್ಯ ಸೀಮೆಯ ಆತಕೂರಿನಲ್ಲಿ ಸುಮಾರು 950ರ ಹೊತ್ತಿಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕರ್ತನು ಕಳ್ಳನನ್ನೂ ಕುರುಬನನ್ನೂ ಬೇರ್ಪಡಿಸಿ, ಹಿಂಡಿಗಾಗಿ ಪ್ರಾಣಕೊಡುವವನೇ ಒಳ್ಳೆಯ ಕುರುಬನೆಂದು ಹೇಳುತ್ತಾನೆ. ಆ ಅಧ್ಯಾಯವನ್ನು ಓದಿದ ಕಣ್ಣಿಗೆ ಇವರಿಬ್ಬರಲ್ಲಿ ಯಾರು ಹತ್ತಿರದವನು ಎಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ವೀರಗಲ್ಲಿಗೆ ನಾವು ದೀಕ್ಷೆ ಕೊಡೋಣವೇ? ಇಲ್ಲಿ ನಮ್ಮ ವಿಮರ್ಶೆಯು ನಮ್ಮ ಮೇಲೆಯೇ ತಿರುಗಬೇಕು. ಮೂರು ತೊಡಕುಗಳಿವೆ.

ಮೊದಲನೆಯದು ಮನಸ್ಸಾಕ್ಷಿಯದು. ನವೋದಯಕಾಲದ ಚಿತ್ರಕಾರರು ಹೆರಕ್ಲೀಸನನ್ನು ಬರೆಯುವಾಗ ಅವನಿಗೆ ಬಲಿ ಕೊಡುವವರು ಯಾರೂ ಉಳಿದಿರಲಿಲ್ಲ. ಅವನು ಸತ್ತ ದೇವರಾಗಿದ್ದನು, ಆದ್ದರಿಂದ ನಿರುಪದ್ರವಿಯಾಗಿದ್ದನು. ನಮ್ಮ ಕಲ್ಲುಗಳಿಗೆ ಎಣ್ಣೆ ಕುಂಕುಮ ಇಂದಿಗೂ ಸಲ್ಲುತ್ತವೆ. ಆ ಪೂಜೆಯನ್ನು ಬಿಟ್ಟು ಬಂದ ಕುಟುಂಬಗಳು ಬಂಧುಗಳ ಮಾತನ್ನೂ ಊರ ನೀರನ್ನೂ ಕಳೆದುಕೊಂಡು ಬೆಲೆ ತೆತ್ತಿವೆ. ಅಂಥವರ ಮುಂದೆ ಪಟ್ಟಣದಿಂದ ಬಂದ ಬೋಧಕನು ವೀರಗಲ್ಲನ್ನು ಹೊಗಳಿದರೆ ಬಲಹೀನರ ಮನಸ್ಸಾಕ್ಷಿಗೆ ಗಾಯವಾಗುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಎಂಟನೆಯ ಅಧ್ಯಾಯವು ಇದನ್ನೇ ಕುರಿತದ್ದು. ಯುರೋಪಿನ ಉದಾಹರಣೆಯನ್ನು ನಮ್ಮಲ್ಲಿಗೆ ಹಾಗೆಯೇ ಎತ್ತಿಡಲಾಗದು ಎಂಬುದಕ್ಕೆ ಇದು ಮುಖ್ಯ ಕಾರಣ.

ಎರಡನೆಯದು ಆ ಕಲ್ಲು ಹೇಳದೆ ಬಿಟ್ಟವರದು. ವೀರನ ಕಲ್ಲಿನ ಸಮೀಪದಲ್ಲಿ ಎಷ್ಟೋ ಕಡೆ ಮಾಸ್ತಿಗಲ್ಲು ಇರುತ್ತದೆ. ಬಳೆ ತೊಟ್ಟ ಒಂದು ಕೈ ಮಾತ್ರ ಅದರಲ್ಲಿ ಮೂಡಿದೆ. ವೀರನ ಕೀರ್ತಿಯ ಬೆಲೆಯನ್ನು ಅವನ ಹೆಂಡತಿ ಬೆಂಕಿಯಲ್ಲಿ ತೆತ್ತಳು. ಎಷ್ಟೋ ಕಲ್ಲುಗಳ ಕಾಳಗವು ದನಗಳಿಗಾಗಿ ಅಲ್ಲ, ಅರಸರ ಗಡಿಗಾಗಿ. ಊರ ದನಗಳನ್ನು ಕಾಯುತ್ತಿದ್ದ, ಸತ್ತ ದನವನ್ನು ಹೊರುತ್ತಿದ್ದ ಕೇರಿಗಳವರಲ್ಲಿ ಎಷ್ಟು ಮಂದಿಗೆ ಕಲ್ಲು ನಿಂತೀತು? ನಮ್ಮ ಸಭೆಗಳ ಬಹುಜನರು ಆ ಕೇರಿಗಳಿಂದ ಬಂದವರು. ಅವರು ಈ ಪ್ರಶ್ನೆಯನ್ನು ಕೇಳುವ ಹಕ್ಕುಳ್ಳವರು.

ಮೂರನೆಯದು ದೇವಶಾಸ್ತ್ರದ್ದು, ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಆಳವಾದುದು. ಮೇಲಿನ ಪಟ್ಟಿಕೆಯಲ್ಲಿ ಕುಳಿತ ವೀರನ ಮೈಮೇಲೆ ಒಂದೂ ಗಾಯವಿಲ್ಲ. ಕೆಳಗೆ ಬಾಣ ನಾಟಿದವನು ಮೇಲೆ ಅಲಂಕೃತನಾಗಿದ್ದಾನೆ. ಕಾಳಗದ ನೆನಪು ಅಲ್ಲಿಗೆ ಏರುವುದಿಲ್ಲ. ಹೆರಕ್ಲೀಸನೂ ಚಿತೆಯಲ್ಲಿ ಮರ್ತ್ಯದೇಹವನ್ನು ಸುಟ್ಟುಕೊಂಡು ದೇವತೆಗಳ ನಡುವೆ ಸೇರಿದನೆಂಬ ಕಥೆಯಿದೆ. ಪುನರುತ್ಥಾನ ಹೊಂದಿದ ಕರ್ತನಾದರೋ ಮುಚ್ಚಿದ ಬಾಗಿಲೊಳಗೆ ಬಂದು ತೋಮನಿಗೆ ತೋರಿಸಿದ್ದು ತನ್ನ ಕೈಗಳ ಗಾಯವನ್ನು, ಪಕ್ಕೆಯ ಗಾಯವನ್ನು. ಕೆಳಗಿನ ಪಟ್ಟಿಕೆಯನ್ನು ಆತನು ಮೇಲಿನ ಪಟ್ಟಿಕೆಗೆ ಒಯ್ದನು. ಯಾರನ್ನೂ ಕೊಲ್ಲದೆ ಸತ್ತವನು, ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಹೇಳುವಂತೆ ಶತ್ರುಗಳಿಗಾಗಿಯೂ ಸತ್ತವನು, ಇತರರು ನೆಟ್ಟ ಕಲ್ಲಿನ ಆಸರೆಯನ್ನು ಬೇಡದೆ ತಾನೇ ಜೀವಿಸುವವನು. ಊರ ವೀರನು ಒಳ್ಳೆಯ ಕುರುಬನಿಗೆ ಎಷ್ಟೇ ಹತ್ತಿರವಾದರೂ ಈ ಅಂತರ ಉಳಿಯುತ್ತದೆ.

ಇಷ್ಟರಿಂದ ಸೇವಕನ ಕೆಲಸಕ್ಕೆ ಏನು ದೊರೆಯುತ್ತದೆ? ಯುರೋಪಿನ ಚಿತ್ರಗಳನ್ನು ತೋರಿಸಬಾರದೆಂದು ನಾವು ಹೇಳುವುದಿಲ್ಲ. ತೋರಿಸುವವನು ಆ ಮೈ ಎಲ್ಲಿಂದ ಬಂದಿತೆಂಬುದನ್ನು ತಿಳಿದಿರಬೇಕು. ಟಿಷಿಯನ್‌ನ ಪಕ್ಕದಲ್ಲಿ ಗ್ರ್ಯೂನೆವಾಲ್ಡನನ್ನೂ ಇಡಬೇಕು. ತೊಗರಿ ಕೊಯ್ದು ಕೈ ಬಿರಿದವನು, ಹೆರಿಗೆಯಾದ ತಿಂಗಳಲ್ಲಿಯೇ ಕಳೆ ಕೀಳಲು ಹೋದವಳು, ಈಸೆನ್‌ಹೈಮಿನ ರೋಗಿಗಳ ಹಾಗೆ, ತಮ್ಮ ಮೈಯನ್ನು ಬಲ್ಲ ರಕ್ಷಕನನ್ನು ಕಾಣುವ ಹಕ್ಕುಳ್ಳವರು. ಬೆಂಗಳೂರಿನ ಹತ್ತಿರದ ಸಿಲ್ವೆಪುರದಲ್ಲಿ ನೆಲೆಸಿ ಜನಪದದ ರೂಪಗಳಲ್ಲಿ ಕ್ರಿಸ್ತನನ್ನು ಅರಸಿದ ಜ್ಯೋತಿ ಸಾಹಿಯವರಂಥ ಕಲಾವಿದರು ಈ ಹಾದಿಯಲ್ಲಿ ಮುಂದೆ ನಡೆದಿದ್ದಾರೆ. ನಮ್ಮ ಸೀಮೆಯಲ್ಲಿ ಆ ಕೆಲಸ ಇನ್ನೂ ಆಗಬೇಕಾಗಿದೆ.

ವೀರಗಲ್ಲಿನ ವಿಷಯದಲ್ಲಿ ನಮ್ಮ ಸಲಹೆ ಚಿಕ್ಕದು. ಅದನ್ನು ಬೋಧಪೀಠಕ್ಕೆ ತರುವ ಮೊದಲು ಸೇವಕನು ಅದರ ಮುಂದೆ ನಿಲ್ಲಲಿ. ಪಟ್ಟಿಕೆಗಳನ್ನು ಓದಲಿ, ದನಗಳಿದ್ದರೆ ಗುರುತಿಸಲಿ, ಮಾಸ್ತಿಗಲ್ಲು ಇದೆಯೇ ಎಂದು ಹುಡುಕಲಿ, ಊರ ಹಿರಿಯರು ಏನು ಹೇಳುತ್ತಾರೆಂದು ಕೇಳಲಿ. ಆಮೇಲೆ ತನ್ನ ಸಭೆಯ ಹಿರಿಯರಲ್ಲಿ, ವಿಶೇಷವಾಗಿ ಆ ಪೂಜೆಯನ್ನು ಬಿಟ್ಟು ಬಂದವರಲ್ಲಿ, ಈ ಕಲ್ಲು ನಿಮಗೆ ಏನಾಗಿತ್ತು ಎಂದು ವಿಚಾರಿಸಲಿ. ಅವರು ಬೇಡವೆಂದರೆ ಬಿಡಲಿ. ಅವರು ಒಪ್ಪಿದರೆ, ಯೋಹಾನನ ಹತ್ತನೆಯ ಅಧ್ಯಾಯವನ್ನು ಬೋಧಿಸುವ ಭಾನುವಾರ, ನಮ್ಮೂರ ದನಗಳಿಗಾಗಿ ಒಬ್ಬನು ಸತ್ತನಲ್ಲ ಎಂದು ಆರಂಭಿಸಿ, ಅವನ ಮೈಮೇಲೆ ಉಳಿಯದ ಗಾಯಗಳು ಈತನ ಮೈಮೇಲೆ ಏಕೆ ಉಳಿದವು ಎಂದು ಕೇಳಲಿ. ಆ ಪ್ರಶ್ನೆಗೆ ಸಭೆಯಲ್ಲಿ ಕುಳಿತವರು ಕೊಡುವ ಉತ್ತರವನ್ನು ಬೋಧಕನೂ ಕಲಿಯಬೇಕಾದೀತು.